ಖಾಲಿ ಸೀಟಿನ ಗೂಡ್ಸ್ ಗಾಡಿ

2018ರಲ್ಲಿ ಆಸ್ಟ್ರೇಲಿಯಾದ ವಾಯವ್ಯ ಮೂಲೆಯ ಪಿಲ್ಬರಾ ಸೀಮೆಯಲ್ಲಿ ಎರಡು ಅದಿರು ರೈಲುಗಳು ಚಾಲಕನಿಲ್ಲದೆ ಓಡಿದವು. ಒಂದು, ಹಾಗೆ ಓಡಲೆಂದೇ ಹತ್ತು ವರ್ಷ ತಯಾರಾದದ್ದು. ಇನ್ನೊಂದು, ಚಾಲಕ ಕೆಳಗಿಳಿದಿದ್ದಾಗ ಕೈತಪ್ಪಿ ಹೋದದ್ದು.

ಮೊದಲನೆಯದು ರಿಯೋ ಟಿಂಟೋ ಕಂಪನಿಯ ಗಾಡಿ. ಜುಲೈ 10ರಂದು ಅದು ಟಾಮ್ ಪ್ರೈಸ್ ಗಣಿಯಲ್ಲಿ ಸುಮಾರು 28,000 ಟನ್ ಕಬ್ಬಿಣದ ಅದಿರು ತುಂಬಿಕೊಂಡು 280 ಕಿ.ಮೀ. ದೂರದ ಕೇಪ್ ಲ್ಯಾಂಬರ್ಟ್ ಬಂದರು ಮುಟ್ಟಿತು. ನಮ್ಮಲ್ಲಿ ಹೊಸಪೇಟೆ ಕಡೆಯಿಂದ ಹೊರಡುವ ಐವತ್ತೆಂಟು ವ್ಯಾಗನ್‌ಗಳ ಒಂದು ರೇಕ್ ಹೆಚ್ಚುಕಡಿಮೆ 4,000 ಟನ್ ಹೊರುತ್ತದೆ. ಅಂಥ ಏಳು ರೇಕ್‌ಗಳ ಅದಿರು ಒಂದೇ ಗಾಡಿಯಲ್ಲಿ, ಎಂಜಿನ್‌ನಲ್ಲಿ ಒಂದು ನರಪಿಳ್ಳೆಯೂ ಇಲ್ಲದೆ ಸಾಗಿತು. ವರ್ಷಾಂತ್ಯದ ಹೊತ್ತಿಗೆ ವ್ಯವಸ್ಥೆ ಪೂರ್ತಿ ಜಾರಿಯಾಗಿದೆ ಎಂದು ಕಂಪನಿ ಸಾರಿತು. ‘ಆಟೋಹಾಲ್’ ಎಂಬ ಅದರ ಹೆಸರಿನ ಜೊತೆಗೆ ‘ಜಗತ್ತಿನ ಅತಿ ದೊಡ್ಡ ರೋಬೋ’ ಎಂಬ ಬಿರುದೂ ಸೇರಿಕೊಂಡಿತು.

ಎರಡನೆಯದು ನವೆಂಬರ್ 5ರ ನಸುಕಿನದು. ಅದೇ ಸೀಮೆಯ ಮತ್ತೊಂದು ಕಂಪನಿ ಬಿಎಚ್‌ಪಿಯ ಗಾಡಿ. ನಾಲ್ಕು ಎಂಜಿನ್, 268 ವ್ಯಾಗನ್, ಉದ್ದ ಹತ್ತಿರ ಹತ್ತಿರ ಮೂರು ಕಿ.ಮೀ. ಪೋರ್ಟ್ ಹೆಡ್‌ಲ್ಯಾಂಡ್ ಬಂದರಿಗೆ ಹೊರಟಿದ್ದ ಆ ಗಾಡಿಯಲ್ಲಿ ಎರಡು ವ್ಯಾಗನ್‌ಗಳ ನಡುವಿನ ಬ್ರೇಕ್ ಕೇಬಲ್ಲಿನ ಜೋಡಣೆ ಬಿಟ್ಟುಹೋಯಿತು. ಗಾಡಿ ತಾನಾಗಿ ಬ್ರೇಕ್ ಕಚ್ಚಿ ನಿಂತಿತು. ಒಳಗಿದ್ದವನು ಒಬ್ಬನೇ ಡ್ರೈವರ್. ಏನಾಗಿದೆ ನೋಡೋಣವೆಂದು ಅವನು ಕೆಳಗಿಳಿದು ವ್ಯಾಗನ್‌ಗಳ ಪಕ್ಕದಲ್ಲಿ ನಡೆಯತೊಡಗಿದ. ಅವನಿನ್ನೂ ಕೆಳಗಿರುವಾಗಲೇ ಗಾಡಿ ನಿಧಾನಕ್ಕೆ ಜರುಗಿತು, ಆಮೇಲೆ ಓಡಿತು. 92 ಕಿ.ಮೀ. ಓಡಿತು. ಒಂದು ಹಂತದಲ್ಲಿ ವೇಗ ಗಂಟೆಗೆ 160 ಕಿ.ಮೀ. ದಾಟಿತ್ತು. ಸಾವಿರಾರು ಮೈಲಿಯಲ್ಲದಿದ್ದರೂ ಸಾವಿರಕ್ಕೂ ಮೀರಿದ ಕಿ.ಮೀ. ಆಚೆ, ಪರ್ತ್ ನಗರದ ನಿಯಂತ್ರಣ ಕೊಠಡಿಯಲ್ಲಿ ಕೂತಿದ್ದವರು ಪರದೆಯ ಮೇಲೆ ಅದರ ಓಟ ನೋಡುತ್ತಿದ್ದರು. ಕೊನೆಗೆ ಬಂದರಿನ ಊರು 119 ಕಿ.ಮೀ. ಇರುವಾಗಲೇ ಟರ್ನರ್ ಎಂಬಲ್ಲಿ ಪಾಯಿಂಟ್ ಬದಲಿಸಿ, ಬೇಕೆಂದೇ ಅದನ್ನು ಹಳಿ ತಪ್ಪಿಸಿದರು. ಇನ್ನೂರಕ್ಕೂ ಹೆಚ್ಚು ವ್ಯಾಗನ್‌ಗಳು ಒಂದರ ಮೇಲೊಂದು ಏರಿ, ಕೆಂಪು ಮಣ್ಣಿನಲ್ಲಿ ಹಿಂಡಿದ ತಗಡಿನ ಗುಡ್ಡೆಯಾದವು. ಯಾರಿಗೂ ಗಾಯವಾಗಲಿಲ್ಲ.

ಈ ಎರಡು ಓಟಗಳನ್ನು ಅಕ್ಕಪಕ್ಕ ಇಟ್ಟವರು ಸಾಮಾನ್ಯವಾಗಿ ಒಂದೇ ತೀರ್ಮಾನಕ್ಕೆ ಬರುತ್ತಾರೆ: ಮನುಷ್ಯನಿದ್ದ ಗಾಡಿ ಓಡಿಹೋಯಿತು, ಮನುಷ್ಯನಿಲ್ಲದ ಗಾಡಿ ಸರಿಯಾಗಿ ಬಂದರು ಸೇರಿತು, ಇನ್ನೇನು ವಾದ? ತೀರ್ಪು ಸಲೀಸಾಗಿದೆ. ಆದರೆ ತನಿಖೆಯ ವಿವರ ನೋಡಿದರೆ ಅಷ್ಟು ಸಲೀಸಾಗಿ ಒಪ್ಪಿಕೊಳ್ಳುವಂತಿಲ್ಲ.

ರೈಲಿನ ಹಳೆಯ ಗಾಳಿ ಬ್ರೇಕಿನ ತರ್ಕ ಸರಳ. ಉದ್ದಕ್ಕೂ ಹಾದುಹೋಗುವ ಕೊಳವೆಯಲ್ಲಿ ಗಾಳಿಯ ಒತ್ತಡ ಇರುವವರೆಗೆ ಚಕ್ರ ಬಿಡುಗಡೆಯಾಗಿರುತ್ತದೆ, ಕೊಳವೆ ಕಿತ್ತು ಗಾಳಿ ಸೋರಿದರೆ ಬ್ರೇಕ್ ಕಚ್ಚುತ್ತದೆ. ಬಿಎಚ್‌ಪಿ ಗಾಡಿಯಲ್ಲಿ ಗಾಳಿಯ ಜೊತೆಗೆ ವಿದ್ಯುತ್ ಸಂಕೇತದ ಹೊಸ ಪದ್ಧತಿಯೂ ಇತ್ತು. ಎಲ್ಲ ವ್ಯಾಗನ್‌ಗಳಿಗೂ ಏಕಕಾಲಕ್ಕೆ ಆಜ್ಞೆ ಹೋಗುವುದರಿಂದ ಉದ್ದನೆಯ ಗಾಡಿಗೆ ಅದು ನಿಜಕ್ಕೂ ಒಳ್ಳೆಯದು. ಕೇಬಲ್ ಬಿಟ್ಟಾಗ ಗಾಡಿಯನ್ನು ನಿಲ್ಲಿಸಿದ್ದು ಈ ವಿದ್ಯುತ್ ಪದ್ಧತಿಯೇ. ಆದರೆ ಬ್ಯಾಟರಿ ಖಾಲಿಯಾಗಬಾರದೆಂದು ಅದಕ್ಕೊಂದು ಗಡುವು ಇಟ್ಟಿದ್ದರು: ಒಂದು ಗಂಟೆ ಕಳೆದರೆ ವ್ಯವಸ್ಥೆ ತಾನೇ ಮಲಗಿಬಿಡುತ್ತದೆ. ಇಳಿಯುವ ಮೊದಲು ಡ್ರೈವರ್ ಗಾಳಿ ಬ್ರೇಕಿನ ಹಿಡಿಯನ್ನು ತುರ್ತು ಸ್ಥಾನಕ್ಕೆ ಎಳೆದಿರಲಿಲ್ಲ. ಒಂದು ಗಂಟೆಯಾಯಿತು, ವ್ಯವಸ್ಥೆ ಮಲಗಿತು, ಬ್ರೇಕ್ ಸಡಿಲಾಯಿತು, ಇಳಿಜಾರು ತನ್ನ ಕೆಲಸ ಮಾಡಿತು.

ಇಲ್ಲಿ ತಪ್ಪಿದ್ದು ಮನುಷ್ಯನೋ ಯಂತ್ರವೋ? ಹಿಡಿ ಎಳೆಯದಿದ್ದದ್ದು ಮನುಷ್ಯ. ನಿಂತ ಗಾಡಿಯ ಬ್ರೇಕನ್ನು ಗಂಟೆಯ ಗಡುವಿಗೆ ಕಟ್ಟಿದ್ದು ಸಾಫ್ಟ್‌ವೇರ್. ಆ ಸಾಫ್ಟ್‌ವೇರ್ ಬರೆದವನೂ ಮನುಷ್ಯನೇ; ಆದರೆ ಅವನು ಆ ರಾತ್ರಿ ಹಳಿಯ ಪಕ್ಕದಲ್ಲಿರಲಿಲ್ಲ, ಹಾಗಾಗಿ ಸುದ್ದಿಯಲ್ಲೂ ಇರಲಿಲ್ಲ. ಇನ್ನೊಂದು ಮಾತು. ಚಾಲಕರಹಿತ ಗಾಡಿಯ ಕೇಬಲ್ ಬಿಟ್ಟುಕೊಂಡರೆ ಅದೂ ನಿಲ್ಲುತ್ತದೆ. ನಿಂತ ಮೇಲೆ ಯಾರಾದರೂ ಹೋಗಿ ಕೇಬಲ್ ಸಿಕ್ಕಿಸಬೇಕು, ಅದಕ್ಕೂ ಮೊದಲು ಹತ್ತಾರು ವ್ಯಾಗನ್‌ಗಳ ಕೈಬ್ರೇಕ್ ಬಿಗಿಯಬೇಕು. ಟರ್ನರ್‌ನ ಅಪಘಾತ ಹುಟ್ಟಿದ್ದು ಗಾಡಿ ಓಡಿಸುವಾಗ ಅಲ್ಲ, ನಿಂತ ಗಾಡಿಯನ್ನು ನಿಂತಲ್ಲೇ ಹಿಡಿದಿಡುವಾಗ. ಆ ಕೆಲಸವನ್ನು ಯಾವ ರೋಬೋಗೂ ಇನ್ನೂ ಒಪ್ಪಿಸಿಲ್ಲ.

ಕನ್ನಡದ ಓದುಗರಿಗೆ ಈ ಭಯ ಹೊಸದಲ್ಲ. 2017ರ ನವೆಂಬರ್ 8ರಂದು ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್‌ನಲ್ಲಿ ಚೆನ್ನೈ–ಮುಂಬೈ ಮೇಲ್ ಬಂದು ನಿಂತಿತು. ಅಲ್ಲಿಂದಾಚೆ ಸೊಲ್ಲಾಪುರದ ಕಡೆಗೆ ಆಗಿನ್ನೂ ವಿದ್ಯುತ್ ತಂತಿ ಎಳೆದಿರಲಿಲ್ಲವಾದ್ದರಿಂದ ಎಲೆಕ್ಟ್ರಿಕ್ ಎಂಜಿನ್ ಬಿಡಿಸಿ ಡೀಸೆಲ್ ಎಂಜಿನ್ ಕಟ್ಟುವುದು ವಾಡಿಕೆ. ಬಿಡಿಸಿದ ಎಂಜಿನ್‌ನಿಂದ ಲೋಕೋ ಪೈಲಟ್ ಇಳಿದದ್ದೇ ತಡ, ಅದು ತಾನೇ ಹೊರಟಿತು. ರೈಲ್ವೆ ಸಿಬ್ಬಂದಿ ಬೈಕ್ ಹತ್ತಿ ಬೆನ್ನಟ್ಟಿದರು. ಮುಂದಿನ ಸ್ಟೇಷನ್‌ಗಳಿಗೆ ಫೋನ್ ಹೋಯಿತು, ಎದುರಿನ ಗಾಡಿಗಳನ್ನು ತಡೆದರು, ಸಿಗ್ನಲ್ ಬಿಟ್ಟುಕೊಟ್ಟು ದಾರಿ ತೆರವು ಮಾಡಿದರು. 13 ಕಿ.ಮೀ. ಓಡಿ ನಾಲವಾರದ ಹತ್ತಿರ ಅದರ ವೇಗ ಇಳಿದಾಗ ಹಾರಿ ಹತ್ತಿ ನಿಲ್ಲಿಸಿದರು. ಸಿನಿಮಾದಲ್ಲಿ ತೋರಿಸಿದ್ದರೆ ಯಾರೂ ನಂಬುತ್ತಿರಲಿಲ್ಲ. 2024ರ ಫೆಬ್ರವರಿಯಲ್ಲಿ ಜಮ್ಮುವಿನ ಕಠುವಾದಿಂದ ಜಲ್ಲಿ ತುಂಬಿದ 53 ವ್ಯಾಗನ್‌ಗಳ ಗೂಡ್ಸ್ ಗಾಡಿ ಎಪ್ಪತ್ತಕ್ಕೂ ಹೆಚ್ಚು ಕಿ.ಮೀ. ಹೀಗೆಯೇ ಓಡಿ ಪಂಜಾಬಿನಲ್ಲಿ ನಿಂತಾಗ ವಾಡಿಯವರಿಗೆ ತಮ್ಮ ಬೈಕ್ ನೆನಪಾಗಿರಬೇಕು.

ಎಂದರೆ ಚಾಲಕನಿಲ್ಲದೆ ರೈಲು ಓಡುವುದು ಸುಲಭ. ಇಳಿಜಾರೊಂದಿದ್ದರೆ ಸಾಕು. ಅಂಥ ರೈಲು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುವುದು ಕಷ್ಟ, ಆಟೋಹಾಲ್ ಕೊಂಡುಕೊಂಡದ್ದು ಅದನ್ನು. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. 2008ರಲ್ಲಿ ಯೋಜನೆ ಪ್ರಕಟವಾಯಿತು. 2012ರಲ್ಲಿ 51.8 ಕೋಟಿ ಅಮೆರಿಕನ್ ಡಾಲರ್‌ಗೆ ಮಂಜೂರಾತಿ ಸಿಕ್ಕಿತು. 2015ಕ್ಕೆ ಮುಗಿಯಬೇಕಿದ್ದದ್ದು ಮುಗಿಯಲಿಲ್ಲ. ಸಾಫ್ಟ್‌ವೇರ್ ತೊಡಕುಗಳಿಂದಾಗಿ 2016ರಲ್ಲಿ ಕಂಪನಿ ತನ್ನ ಮರುವರ್ಷದ ಅದಿರು ಸಾಗಣೆಯ ಅಂದಾಜನ್ನೇ ತಗ್ಗಿಸಬೇಕಾಯಿತು. ಕೊನೆಗೆ ಖರ್ಚು 94 ಕೋಟಿ ಡಾಲರ್‌ಗೆ ಹೋಗಿ ನಿಂತಿತು.

ಇಷ್ಟು ಸುರಿದದ್ದು ಯಾತಕ್ಕೆ? ಸುರಕ್ಷತೆಗೆ ಎಂಬುದು ಭಾಷಣದ ಉತ್ತರ. ವೇಳಾಪಟ್ಟಿ ನೋಡಿದರೆ ಬೇರೆ ಉತ್ತರವೂ ಇದೆ. 2018ರಲ್ಲಿ ರಿಯೋ ಟಿಂಟೋದ ಜಾಲ 1,700 ಕಿ.ಮೀ. ಮೀರಿದ್ದು, ಹದಿನಾರು ಗಣಿಗಳನ್ನು ನಾಲ್ಕು ಬಂದರು ಕಟ್ಟೆಗಳಿಗೆ ಕಟ್ಟುತ್ತಿತ್ತು. ಒಂದು ಗಾಡಿ ಹೋಗಿ ಬರುವ ದಾರಿ ಸರಾಸರಿ 800 ಕಿ.ಮೀ.; ತುಂಬುವುದು, ಸುರಿಯುವುದು ಎಲ್ಲ ಸೇರಿ ಒಂದು ಸುತ್ತಿಗೆ ನಲವತ್ತು ಗಂಟೆ. ನಲವತ್ತು ಗಂಟೆ ಯಾವ ಮನುಷ್ಯನೂ ಕೂತು ಓಡಿಸಲಾರ. ಆದ್ದರಿಂದ ದಾರಿಯಲ್ಲಿ ಮೂರು ಸಲದವರೆಗೆ ಗಾಡಿ ನಿಲ್ಲಿಸಿ ಡ್ರೈವರ್ ಬದಲಿಸಬೇಕಿತ್ತು, ಅದರಲ್ಲೇ ಒಂದು ಗಂಟೆಗೂ ಹೆಚ್ಚು ಹೊತ್ತು ಸೋರಿಹೋಗುತ್ತಿತ್ತು. ಹೊಸ ಡ್ರೈವರನ್ನು ಜೀಪಿನಲ್ಲಿ ನಿರ್ಜನ ದಾರಿಯಲ್ಲಿ ಕರೆದೊಯ್ದು ಬಿಡಬೇಕು, ಹಳಬನನ್ನು ಕರೆತರಬೇಕು. ಈ ಕರೆದೊಯ್ಯುವ ಓಡಾಟವೇ ವರ್ಷಕ್ಕೆ 15 ಲಕ್ಷ ಕಿ.ಮೀ. ಆಗುತ್ತಿತ್ತೆಂದು ಕಂಪನಿ ಲೆಕ್ಕ ಕೊಟ್ಟಿತು.

ಈ 15 ಲಕ್ಷ ಕಿ.ಮೀ. ಎಂಬ ಅಂಕಿಯನ್ನು ಹಗುರವಾಗಿ ತಳ್ಳಿಹಾಕಬಾರದು. ಪಿಲ್ಬರಾದ ಬಿಸಿಲು ನಮ್ಮ ರಾಯಚೂರಿನ ಬಿಸಿಲನ್ನು ನಾಚಿಸುವಂಥದ್ದು. ಅಲ್ಲಿಯ ಮಾರ್ಬಲ್ ಬಾರ್ ಎಂಬ ಊರಿನಲ್ಲಿ 1923–24ರಲ್ಲಿ ಸತತ 160 ದಿನ ಹಗಲಿನ ಗರಿಷ್ಠ ಉಷ್ಣಾಂಶ 37.8 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಆ ದಾಖಲೆಯಿಂದಲೇ ಊರು ಹೆಸರುವಾಸಿ. ರಾತ್ರಿ ಪಾಳಿ ಮುಗಿಸಿ, ಕಣ್ಣು ಎಳೆಯುತ್ತಿರುವಾಗ, ಕಾಂಗರೂಗಳು ಅಡ್ಡ ಹಾಯುವ ದಾರಿಯಲ್ಲಿ ನೂರಾರು ಕಿ.ಮೀ. ಜೀಪು ಓಡಿಸುವುದು ಎಂಜಿನ್ ಓಡಿಸುವುದಕ್ಕಿಂತ ಅಪಾಯದ್ದು. ಅದನ್ನು ತಪ್ಪಿಸಿದ್ದಕ್ಕೆ ಕಂಪನಿಗೆ ಅಂಕ ಕೊಡಲೇಬೇಕು. ಲೆವೆಲ್ ಕ್ರಾಸಿಂಗ್ ವಿಷಯದಲ್ಲೂ ಅದರ ವಾದ ಗಟ್ಟಿಯಾಗಿಯೇ ಇದೆ. ತುಂಬಿದ ಗಾಡಿ ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಕಿ.ಮೀ.ಗಟ್ಟಲೆ ದಾರಿ ಬೇಕು. ಎದುರಿಗೆ ಕಾರು ಕಂಡ ಡ್ರೈವರ್ ಮಾಡಬಹುದಾದದ್ದು ಇಷ್ಟೇ, ಹಾರ್ನ್ ಒತ್ತಿ ಹಿಡಿದು ಕಣ್ಣು ಮುಚ್ಚಿಕೊಳ್ಳುವುದು. ಯಂತ್ರ ಹಾರ್ನ್ ಒತ್ತುತ್ತದೆ, ಕಣ್ಣು ಮುಚ್ಚುವುದಿಲ್ಲ. ಡ್ರೈವರುಗಳು ಜನ್ಮವಿಡೀ ಹೊತ್ತು ತಿರುಗುವ ಆ ಒಂದು ಚಿತ್ರ ಇನ್ನು ಯಾರ ತಲೆಯೊಳಗೂ ಉಳಿಯುವುದಿಲ್ಲ ಎಂಬುದು ನಿಜವಾದ ಲಾಭವೇ.

ಈಗ ಅಲ್ಲಿನ ಗೇಟಿನ ಬಳಿ ಕಾರು ನಿಲ್ಲಿಸಿ ಕಾದವರಿಗೆ ಕಾಣುವುದು ಹೀಗೆ. ದೂರದಲ್ಲಿ ಬಿಸಿಗಾಳಿಯಲ್ಲಿ ನಡುಗುವ ದೀಪ, ಹಾರ್ನ್, ಆಮೇಲೆ ನೆಲದ ಅದುರು. ಎಂಜಿನ್‌ಗಳು ಮುಂದೆ ಹಾದುಹೋಗುವಾಗ ಕಿಟಕಿಯ ಕಡೆ ಕಣ್ಣು ತಾನಾಗಿ ಏಳುತ್ತದೆ. ಗಾಜಿನ ಹಿಂದೆ ಸೀಟಿದೆ, ಸೀಟಿನಲ್ಲಿ ಯಾರೂ ಇಲ್ಲ. ಕೈ ಬೀಸಬೇಕೆಂದು ಎತ್ತಿದ ಮಗು ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಇಳಿಸುತ್ತದೆ. ಹಿಂದೆ ಸುಮಾರು 240 ವ್ಯಾಗನ್, ಎರಡು ಕಾಲು ಕಿ.ಮೀ. ಮೀರಿದ ಉದ್ದ. ಎಣಿಸಲು ಹೊರಟವರು ಅರವತ್ತು ಎಪ್ಪತ್ತರ ಹತ್ತಿರ ತಪ್ಪುತ್ತಾರೆ. ಪೂರ್ತಿ ದಾಟಲು ಎರಡು ನಿಮಿಷ ಬೇಕು, ಕೆಂಪು ಧೂಳು ಕೂರಲು ಇನ್ನೂ ಸ್ವಲ್ಪ ಹೊತ್ತು.

ಈ ಖಾಲಿ ಸೀಟು ಎಷ್ಟು ಹೊಸದು? ಅಷ್ಟೇನಲ್ಲ. ಕೆನಡಾದ ಲ್ಯಾಬ್ರಡಾರ್‌ನಲ್ಲಿ ಕ್ಯಾರಲ್ ಲೇಕ್ ಗಣಿಯಿಂದ ಅದಿರು ಪುಡಿ ಮಾಡುವ ಘಟಕದವರೆಗಿನ ಪುಟ್ಟ ವಿದ್ಯುತ್ ರೈಲು 1960ರ ದಶಕದಲ್ಲೇ ಚಾಲಕನಿಲ್ಲದೆ ಓಡುತ್ತಿತ್ತು. ಆ ಗಣಿ ಕಂಪನಿಯಲ್ಲಿ ಇವತ್ತು ದೊಡ್ಡ ಪಾಲು ಇದೇ ರಿಯೋ ಟಿಂಟೋದ್ದು. ಅಮೆರಿಕದ ಓಹಾಯೋದಲ್ಲಿ 1968ರಲ್ಲಿ ಶುರುವಾದ ಮಸ್ಕಿಂಗಮ್ ಎಲೆಕ್ಟ್ರಿಕ್ ರೈಲುದಾರಿಯಲ್ಲಿ ಕಲ್ಲಿದ್ದಲು ಗಾಡಿಗಳು ತಮ್ಮಷ್ಟಕ್ಕೆ ತಾವೇ ಓಡಾಡಿಕೊಂಡಿದ್ದವು. 2002ರಲ್ಲಿ ಆ ದಾರಿ ಮುಚ್ಚಿತು. ಇನ್ನು ನಮ್ಮ ಕುದುರೆಮುಖ. ಅಲ್ಲಿನ ಅದಿರನ್ನು ನುಣ್ಣಗೆ ಅರೆದು ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಮುಟ್ಟಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಆ ಕೊಳವೆಗೂ ಚಾಲಕ ಇರಲಿಲ್ಲ, ಗಾರ್ಡೂ ಇರಲಿಲ್ಲ. ಅದನ್ನು ಯಾರೂ ರೋಬೋ ಅನ್ನಲಿಲ್ಲ.

ಪಿಲ್ಬರಾದಲ್ಲೇ ಡ್ರೈವರ್ ಎಂಬವನು ಸ್ವಲ್ಪ ಸ್ವಲ್ಪವಾಗಿ ಕರಗುತ್ತ ಬಂದಿದ್ದ. 2001ರ ಜೂನ್ 21ರಂದು ಬಿಎಚ್‌ಪಿ 682 ವ್ಯಾಗನ್, ಎಂಟು ಎಂಜಿನ್‌ಗಳ, 7.35 ಕಿ.ಮೀ. ಉದ್ದದ ಗಾಡಿ ಓಡಿಸಿ ಜಾಗತಿಕ ದಾಖಲೆ ಮಾಡಿತು. ಓಡಿಸಿದವನು ಒಬ್ಬನೇ. ಮುಂದಿನ ಎಂಜಿನ್‌ನಲ್ಲಿ ಕೂತು ಉಳಿದ ಏಳನ್ನು ರೇಡಿಯೋ ಸಂಕೇತದಿಂದ ನಡೆಸಿದ. ಆ ಏಳು ಎಂಜಿನ್‌ಗಳಲ್ಲಿ ಸೀಟು ಆಗಲೇ ಖಾಲಿಯಾಗಿತ್ತು. ಆಟೋಹಾಲ್ ಮಾಡಿದ್ದು ಎಂಟನೆಯ ಸೀಟನ್ನು ಖಾಲಿ ಮಾಡುವ ಕೆಲಸ.

ಕ್ಯಾರಲ್ ಲೇಕ್, ಮಸ್ಕಿಂಗಮ್, ಕುದುರೆಮುಖ, ಪಿಲ್ಬರಾ ಇವುಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದು ಒಂದೇ ಗುಣ. ಎಲ್ಲ ಕಡೆ ಗಣಿಯೂ ದಾರಿಯೂ ಸಾಗುವ ಸರಕೂ ಒಬ್ಬನೇ ಧಣಿಯದು. ಪಿಲ್ಬರಾದಲ್ಲಿ ಗಣಿ ರಿಯೋ ಟಿಂಟೋದ್ದು, ಹಳಿ ಅದರದೇ, ಎಂಜಿನ್ ಅದರದೇ, ಸಿಗ್ನಲ್ ಅದರದೇ, ಬಂದರಿನ ಕಟ್ಟೆ ಅದರದೇ. ಆ ಹಳಿಯ ಮೇಲೆ ಪ್ರಯಾಣಿಕರ ರೈಲಿಲ್ಲ, ಎದುರಿನಿಂದ ಬರುವ ಪರಕೀಯ ಗಾಡಿಯಿಲ್ಲ, ಕ್ರಾಸಿಂಗ್‌ಗಾಗಿ ಎಕ್ಸ್‌ಪ್ರೆಸ್ ಕಾಯುವ ತಾಪತ್ರಯವಿಲ್ಲ. ಗಣಕಯಂತ್ರಕ್ಕೆ ಅಚ್ಚರಿ ಹುಟ್ಟಿಸುವಂಥದ್ದು ಯಾವುದೂ ಇಲ್ಲ. ಯಂತ್ರದ ಬುದ್ಧಿವಂತಿಕೆ ಎಂದು ಹೊಗಳುವುದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಈ ಏಕಸ್ವಾಮ್ಯಕ್ಕೆ ಸಲ್ಲಬೇಕು ಎಂಬುದು ಈ ಲೇಖನದ ವಾದ. ಗಾಡಿ ಜಾಣವಾದದ್ದಕ್ಕಿಂತ ಹೆಚ್ಚಾಗಿ ಅದರ ಲೋಕ ಸರಳವಾಗಿತ್ತು.

ಈ ಸರಳ ಲೋಕ ತಾನಾಗಿ ಒದಗಿದ್ದಲ್ಲ, ಅದನ್ನು ಕಾಯ್ದುಕೊಳ್ಳಲು ಕೋರ್ಟುಗಳಲ್ಲಿ ವರ್ಷಗಟ್ಟಲೆ ಕಾದಾಟ ನಡೆದಿದೆ. ಫೋರ್ಟೆಸ್ಕ್ಯೂ ಎಂಬ ಹೊಸ ಕಂಪನಿ 2004ರಲ್ಲಿ ‘ನಿಮ್ಮ ಹಳಿಯ ಮೇಲೆ ಬಾಡಿಗೆ ಕೊಟ್ಟು ನಮ್ಮ ಗಾಡಿ ಓಡಿಸುತ್ತೇವೆ’ ಎಂದು ಅರ್ಜಿ ಹಾಕಿತು. ಒಂದು ನೆಲದಲ್ಲಿ ಒಂದೇ ಹಳಿ ಸಾಕಲ್ಲ ಎಂಬುದು ಸಾಮಾನ್ಯ ಬುದ್ಧಿಯ ಮಾತು. ಹಳೆಯ ಕಂಪನಿಗಳು ಒಪ್ಪಲಿಲ್ಲ. ವ್ಯಾಜ್ಯ ಮಂಡಳಿಯಿಂದ ಮಂಡಳಿಗೆ ಹತ್ತಿ ಇಳಿದು 2012ರಲ್ಲಿ ಆ ದೇಶದ ಅತ್ಯುನ್ನತ ನ್ಯಾಯಾಲಯದವರೆಗೂ ಹೋಯಿತು. ಅಷ್ಟರಲ್ಲಿ ಫೋರ್ಟೆಸ್ಕ್ಯೂ ಕಾದು ಕೂರದೆ ತನ್ನದೇ ಹಳಿ ಹಾಸಿ 2008ರಿಂದಲೇ ಅದಿರು ಸಾಗಿಸತೊಡಗಿತ್ತು. ಪರಿಣಾಮವಾಗಿ, ಜನವೇ ಇಲ್ಲದ ಆ ಬಯಲಿನಲ್ಲಿ ಬೇರೆ ಬೇರೆ ಕಂಪನಿಗಳ ಹಳಿಗಳು ತಮ್ಮ ತಮ್ಮ ಅದಿರು ಹೊತ್ತು ತಮ್ಮ ತಮ್ಮ ಕಟ್ಟೆಗಳಿಗೆ ಓಡುತ್ತವೆ. ದೇಶದ ಲೆಕ್ಕದಲ್ಲಿ ಇದು ದುಂದು. ಕಂಪನಿಯ ಲೆಕ್ಕದಲ್ಲಿ, ನಲವತ್ತು ಗಂಟೆಯ ಸುತ್ತಿನೊಳಗೆ ಹೊರಗಿನವರು ಯಾರೂ ಕೈಯಿಡಬಾರದು ಎಂಬ ಹಟ. ಚಾಲಕರಹಿತ ರೈಲು ಬೆಳೆದದ್ದು ಈ ಹಟದ ನೆರಳಿನಲ್ಲಿ.

ಇದನ್ನು ಮರೆತಾಗಲೇ, ‘ನಾಳೆ ಬಳ್ಳಾರಿಗೂ ಬರುತ್ತದೆ’ ಎಂಬ ಉತ್ಸಾಹ ಹುಟ್ಟುತ್ತದೆ. ತೋರಣಗಲ್ಲಿನ ದಾರಿಯಲ್ಲಿ ಅದಿರಿನ ರೇಕ್ ಹಿಂದೆಮುಂದೆ ಪ್ಯಾಸೆಂಜರ್ ಗಾಡಿಗಳಿವೆ, ಹಳಿಯ ಪಕ್ಕದಲ್ಲೇ ಊರಿದೆ, ಗೇಟು ಮುಚ್ಚಿದ ಮೇಲೂ ಬೈಕ್ ಓರೆ ಮಾಡಿ ನುಸುಳುವವರಿದ್ದಾರೆ, ಕುರಿಮಂದೆ ಇದೆ. ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆ ಇಳಿಯುವ ಘಟ್ಟದಲ್ಲಿ 37 ಅಡಿ ಹೋದರೆ ಒಂದಡಿ ಇಳಿಯುವ ಜಾರಿದೆ. ಅಲ್ಲಿ ಗಾಡಿ ಇಳಿಸುವುದು ಇವತ್ತಿಗೂ ಉಸಿರು ಬಿಗಿಹಿಡಿದು ಮಾಡುವ ಕೆಲಸ. ನಮಗೆ ತುರ್ತಾಗಿ ಬೇಕಿರುವುದು ಸಿಗ್ನಲ್ ದಾಟಿದ ಗಾಡಿಯನ್ನು ತಾನೇ ತಡೆಯುವ ‘ಕವಚ್’ನಂಥ ರಕ್ಷಣೆ. ಅದು ಚಾಲಕನನ್ನು ಇಳಿಸುವುದಿಲ್ಲ, ಅವನ ಬೆನ್ನಿಗೆ ನಿಲ್ಲುತ್ತದೆ. ಪಿಲ್ಬರಾದ ಯಂತ್ರದೊಳಗೂ ಅಡಿಪಾಯವಾಗಿ ಇರುವುದು ಇಂಥದ್ದೇ ರಕ್ಷಣೆ. ಓಡಿಸುವ ಮಿದುಳು ಅದರ ಮೇಲೆ ಕೂತದ್ದು ಆಮೇಲೆ.

ಇನ್ನು ಇಳಿದುಹೋದ ಚಾಲಕನ ಮಾತು. ಪಿಲ್ಬರಾದ ಡ್ರೈವರುಗಳ ಸಂಬಳ ಒಂದು ಕಾಲಕ್ಕೆ ದಂತಕಥೆಯಾಗಿತ್ತು. ವರ್ಷಕ್ಕೆ ಎರಡು ಲಕ್ಷ ಆಸ್ಟ್ರೇಲಿಯನ್ ಡಾಲರ್ ಮೀರಿದ ಮೊತ್ತಗಳನ್ನು ಪತ್ರಿಕೆಗಳು ಬರೆದು, ಜಗತ್ತಿನಲ್ಲೇ ಹೆಚ್ಚು ಸಂಬಳದ ರೈಲು ಚಾಲಕರು ಇವರೇ ಎಂದವು. ಓದಿದವರಿಗೆ ‘ಅಷ್ಟು ಸಂಬಳ ಕೇಳಿದರೆ ಯಂತ್ರ ಬರದೆ ಇರುತ್ತದೆಯೇ’ ಅನ್ನಿಸುವುದು ಸಹಜ. ಆದರೆ ಆ ಸೀಮೆಯಲ್ಲಿ ಕೂಲಿಯ ಜಗಳಕ್ಕೆ ಯಂತ್ರಕ್ಕಿಂತ ಹಳೆಯ ಚರಿತ್ರೆಯಿದೆ. 1946ರ ಮೇ 1ರಂದು ನೂರಾರು ಮೂಲನಿವಾಸಿ ಕೆಲಸಗಾರರು ಅಲ್ಲಿನ ಕುರಿ–ದನದ ಎಸ್ಟೇಟುಗಳಿಂದ ಹೊರನಡೆದು, ಮೂರು ವರ್ಷ ಮುಷ್ಕರ ಹೂಡಿದ್ದರು. ಅವರು ಕೇಳಿದ್ದು ನ್ಯಾಯವಾದ ಕೂಲಿ. 1986ರಲ್ಲಿ ರೋಬ್ ರಿವರ್ ಅದಿರು ಯೋಜನೆಯಲ್ಲಿ ಮಾಲೀಕರು ಕಾರ್ಮಿಕ ಸಂಘಗಳ ಹಿಡಿತ ಮುರಿಯಲು ಹೊರಟಾಗ ಇಡೀ ದೇಶ ತಿರುಗಿ ನೋಡಿತ್ತು. ಆ ರೋಬ್ ರಿವರ್ ಹಳಿಯೂ ಇವತ್ತು ಆಟೋಹಾಲ್ ಓಡುವ ಜಾಲದ ಭಾಗ. ಆದ್ದರಿಂದ ಖಾಲಿ ಸೀಟನ್ನು ಬರಿಯ ತಂತ್ರಜ್ಞಾನದ ಸುದ್ದಿಯಾಗಿ ಓದಿದರೆ ಅರ್ಧವೇ ಓದಿದಂತೆ. ಮುಷ್ಕರ ಹೂಡದ, ಪಾಳಿ ಕೇಳದ ಡ್ರೈವರ್ ಮಾಲೀಕನಿಗೆ ಎಷ್ಟು ಬೆಲೆಯವನು ಎಂಬ ಲೆಕ್ಕವೂ ಆ 94 ಕೋಟಿಯ ಹಿಂದೆ ಇರಲೇಬೇಕು.

ಕಂಪನಿಯ ಪರವಾಗಿ ಹೇಳಬೇಕಾದದ್ದನ್ನು ಹೇಳಲೇಬೇಕು. ಆಟೋಹಾಲ್ ಕಾರಣಕ್ಕೆ 2019ರಲ್ಲಿ ಯಾರನ್ನೂ ಮನೆಗೆ ಕಳಿಸುವ ಅಂದಾಜಿಲ್ಲ ಎಂದು ಅದು ಹೇಳಿತ್ತು. ಡ್ರೈವರುಗಳಿಗೆ ಬೇರೆ ಕೆಲಸದ ತರಬೇತಿ ಕೊಡುವ ಮಾತೂ ಇತ್ತು. ಆದರೆ ಇದ್ದವರನ್ನು ತೆಗೆಯದಿರುವುದು ಒಂದು, ಮುಂದೆ ಬರಬೇಕಿದ್ದವರಿಗೆ ಬಾಗಿಲು ಮುಚ್ಚುವುದು ಇನ್ನೊಂದು. ಎರಡನೆಯದಕ್ಕೆ ಯಾರೂ ನೋಟಿಸ್ ಕೊಡಬೇಕಾಗಿಲ್ಲ. ಟಾಮ್ ಪ್ರೈಸ್ ಎಂಬುದು 1960ರ ದಶಕದಲ್ಲಿ ಗಣಿಗಾಗಿಯೇ ಕಟ್ಟಿದ ಊರು. ಸ್ಕೂಲು, ಈಜುಕೊಳ, ಹುಲ್ಲುಹಾಸು, ಸಂಸಾರ ಸಮೇತ ಬಂದು ನೆಲೆಸಲಿ ಎಂಬ ಉದ್ದೇಶದಿಂದ. ಆಮೇಲೆ ಬಂದದ್ದು ವಿಮಾನದಲ್ಲಿ ಬಂದು, ಕೆಲವು ವಾರ ದುಡಿದು, ವಿಮಾನದಲ್ಲಿ ವಾಪಸ್ ಹೋಗುವ ಪದ್ಧತಿ. ಮೂರನೆಯ ಹಂತದಲ್ಲಿ ಮನುಷ್ಯ ಬರುವುದೂ ಬೇಡ, 1,500 ಕಿ.ಮೀ. ದೂರದ ಪರ್ತ್‌ನಲ್ಲಿ ವಿಮಾನ ನಿಲ್ದಾಣದ ಹತ್ತಿರದ ಕಟ್ಟಡದಲ್ಲಿ, ಸಾಲು ಪರದೆಗಳ ಮುಂದೆ ಕೂತು ಗಾಡಿಗಳನ್ನು ನೋಡಿಕೊಂಡು ಸಂಜೆ ಮಕ್ಕಳ ಬಳಿಗೆ ಹೋಗುತ್ತಾನೆ. ಅವನಿಗೂ ಅವನ ಮಕ್ಕಳಿಗೂ ಇದು ಒಳ್ಳೆಯದೇ. ಅದಿರು ಮಾತ್ರ ಪಿಲ್ಬರಾದ್ದು, ಸಂಬಳ ಖರ್ಚಾಗುವ ಅಂಗಡಿ ಪರ್ತ್‌ನದು.

ದೂರದಿಂದ ನೆಲವನ್ನು ಪರದೆಯ ಮೇಲೆ ನೋಡುವ ಅಭ್ಯಾಸಕ್ಕೆ ಬೇರೆ ಅಪಾಯವೂ ಇದೆ. 2020ರ ಮೇ ತಿಂಗಳಲ್ಲಿ ಇದೇ ಕಂಪನಿ ಗಣಿ ವಿಸ್ತರಣೆಗಾಗಿ ಜೂಕನ್ ಕಮರಿಯ ಕಲ್ಲುಗುಹೆಗಳನ್ನು ಸಿಡಿಮದ್ದಿಟ್ಟು ಉಡಾಯಿಸಿತು. 46,000 ವರ್ಷಗಳ ಮನುಷ್ಯವಾಸದ ಗುರುತುಗಳು ಅಲ್ಲಿದ್ದವು, ಪುಟು ಕುಂಟಿ ಕುರ್ರಮ ಮತ್ತು ಪಿನಿಕುರ ಜನರಿಗೆ ಅದು ಪೂಜ್ಯ ಸ್ಥಳ. ಕಂಪನಿಯ ಮುಖ್ಯಸ್ಥ ಕುರ್ಚಿ ಬಿಡಬೇಕಾಯಿತು. ಅದಕ್ಕೂ ರೈಲಿಗೂ ನೇರ ಸಂಬಂಧವಿಲ್ಲ, ಸಿಡಿಮದ್ದು ಇಟ್ಟದ್ದು ರೋಬೋ ಅಲ್ಲ. ಆದರೂ ‘ಪಿಲ್ಬರಾ ಖಾಲಿ ಬಯಲು, ಅದಕ್ಕೇ ಇಲ್ಲಿ ಇಂಥ ಪ್ರಯೋಗ ಸಾಧ್ಯ’ ಎಂಬ ವಾಕ್ಯ ಕೇಳಿದಾಗ ಆ ಗುಹೆಗಳು ನೆನಪಿಗೆ ಬರುತ್ತವೆ. ಖಾಲಿ ಎಂಬುದು ಪರ್ತ್‌ನಿಂದ ನೋಡಿದವರ ಮಾತು.

ಹಾಗಾದರೆ ಡ್ರೈವರ್ ವಾಪಸ್ ಬರಬೇಕೇ? ಬೇಡ. ನಲವತ್ತು ಗಂಟೆಯ ಏಕತಾನದ ದಾರಿ, ಕೊತಕೊತ ಕುದಿಯುವ ಬಿಸಿಲು, ನಡುರಾತ್ರಿಯ ಪಾಳಿ ಇವುಗಳನ್ನು ಮನುಷ್ಯನ ಹಕ್ಕೆಂದು ವಾದಿಸುವುದು ಹುಚ್ಚುತನ. ಆದರೆ ಒಂದು ಸುತ್ತಿಗೆ ಉಳಿದ ಗಂಟೆ ಯಾರ ಪಾಲಾಯಿತು ಎಂಬ ಪ್ರಶ್ನೆ ಹುಚ್ಚುತನವಲ್ಲ. ವರ್ಷಕ್ಕೆ 33 ಕೋಟಿ ಟನ್ ಅಂದಾಜಿನ ಅದಿರು ಸಾಗಿಸುವವರಿಗೆ ಆ ಗಂಟೆ ಎಂದರೆ ದೊಡ್ಡ ದುಡ್ಡು. ಅದರಲ್ಲಿ ಟಾಮ್ ಪ್ರೈಸ್‌ನ ಸ್ಕೂಲಿಗೆ, ಆ ನೆಲದ ಮೂಲ ಜನರಿಗೆ, ಡ್ರೈವರ್ ಆಗಬೇಕೆಂದಿದ್ದ ಹುಡುಗನ ಹೊಸ ಕಲಿಕೆಗೆ ಎಷ್ಟು ಎಂದು ಮಂಜೂರಾತಿ ಕೊಡುವ ಮೊದಲೇ ಬರೆಸಿಕೊಳ್ಳಬೇಕಿತ್ತು. ಸುರಕ್ಷತಾ ನಿಯಂತ್ರಕರು 2018ರ ಮೇನಲ್ಲಿ ಒಪ್ಪಿಗೆ ಕೊಡುವಾಗ ನೋಡಿದ್ದು ಗಾಡಿ ಸುರಕ್ಷಿತವಾಗಿ ಓಡುತ್ತದೆಯೇ ಎಂದು. ಅವರ ಕೆಲಸ ಅಷ್ಟೇ. ಉಳಿದ ಪ್ರಶ್ನೆಗಳಿಗೆ ಅಂಥದ್ದೊಂದು ಕಚೇರಿಯೇ ಇಲ್ಲ.

ಓಡುವ ವಿಷಯದಲ್ಲೂ ಕಥೆ ಮುಗಿದಿಲ್ಲ. 2024ರ ಮೇ ತಿಂಗಳಲ್ಲಿ ಕರಾಥಾ ಊರಿನಿಂದ ಸುಮಾರು 80 ಕಿ.ಮೀ. ದೂರದಲ್ಲಿ ಒಂದು ಚಾಲಕರಹಿತ ಗಾಡಿ, ಕೆಟ್ಟು ಹಳಿಯ ಮೇಲೆ ನಿಂತಿದ್ದ ವ್ಯಾಗನ್‌ಗಳಿಗೆ ಡಿಕ್ಕಿ ಹೊಡೆಯಿತು. ಎಂಜಿನ್‌ಗಳೂ ಇಪ್ಪತ್ತಕ್ಕೂ ಹೆಚ್ಚು ವ್ಯಾಗನ್‌ಗಳೂ ಹಳಿ ಬಿಟ್ಟವು. ಎಂಜಿನ್‌ನಲ್ಲಿ ಯಾರೂ ಇರಲಿಲ್ಲವಾದ್ದರಿಂದ ಸಾಯುವವರೂ ಇರಲಿಲ್ಲ, ಅದು ಆ ಖಾಲಿ ಸೀಟಿನ ಪುಣ್ಯ. ಆದರೆ ಸರಳವಾಗಿಟ್ಟ ಲೋಕದಲ್ಲೂ ಒಂದು ವ್ಯಾಗನ್ ಎಲ್ಲಿರಬಾರದೋ ಅಲ್ಲಿ ನಿಂತುಬಿಡಬಹುದು ಎಂಬುದೂ ಅಲ್ಲೇ ಗೊತ್ತಾಯಿತು.

ಅಂಥ ಹೊತ್ತಿನಲ್ಲಿ ಹೊರಡುವವರ ಹುದ್ದೆಯ ಹೆಸರಿನಲ್ಲಿ ಈಗ ಡ್ರೈವರ್ ಎಂಬ ಪದವಿಲ್ಲ. ಪರ್ತ್‌ನ ಪರದೆಯಲ್ಲಿ ಒಂದು ಗಾಡಿ ನಿಂತಿದೆ ಎಂದು ಕಂಡರೆ, ಹತ್ತಿರದ ಠಾಣ್ಯದಿಂದ ಒಂದಿಬ್ಬರು ಜೀಪಿಗೆ ನೀರಿನ ಕ್ಯಾನ್, ಟಾರ್ಚು, ಬಿಡಿಭಾಗ ತುಂಬಿಕೊಂಡು ಹಳಿಯ ಪಕ್ಕದ ಕಚ್ಚಾ ದಾರಿ ಹಿಡಿಯುತ್ತಾರೆ. ತಲುಪಿದ ಮೇಲೆ ಒಬ್ಬ ಎಂಜಿನ್ ಕಡೆಯಿಂದ, ಇನ್ನೊಬ್ಬ ಬಾಲದ ಕಡೆಯಿಂದ ನಡೆಯುತ್ತ, ಒಂದೊಂದೇ ವ್ಯಾಗನ್‌ನ ಸಂದಿಗೆ ಟಾರ್ಚು ಬಿಟ್ಟು, ಎಲ್ಲಿ ಗಾಳಿ ಸೋರುವ ಸದ್ದು ಕೇಳುತ್ತದೆಂದು ಕಿವಿಗೊಡುತ್ತಾರೆ. ಬೂಟಿನ ಕೆಳಗೆ ಜಲ್ಲಿ ಜಾರುತ್ತದೆ. 240 ವ್ಯಾಗನ್.